ಆರು ಸಾವಿರದ ನೂರಿಪ್ಪತ್ತೊಂದನೇ ಇಸವಿಯ ಆನೆ

ನಾಗಲಿಂಗಪ್ಪನಿಗೆ ಜಂಬ ಅಂತ ಇದ್ದದ್ದು ಒಂದೇ, ಅದು ಉರ್ದುವಿನದು. ಸಂಬಳದ ಜಂಬ ಪಡುವಷ್ಟು ಸಂಬಳವಿರಲಿಲ್ಲ. ರೂಪದ ಜಂಬವನ್ನು ತಲೆಗೂದಲು ಹೋಗುವಾಗ ಜೊತೆಗೇ ತೆಗೆದುಕೊಂಡು ಹೋಗಿತ್ತು. ಆದರೆ ಯಲಬುರ್ಗಾ ಕಡೆಯವನಾಗಿ, ನಿಜಾಮನ ಆಳ್ವಿಕೆಯಲ್ಲಿ ಶಾಲೆ ಕಲಿತು, ಹಣೆಗೆ ವಿಭೂತಿ ಬಳಿದುಕೊಂಡು ಹೋಗಿ ಅಲಿಫ್, ಬೇ, ಪೇ ಒಪ್ಪಿಸಿ ಬಂದವನು ಅವನು. ಬೆಂಗಳೂರಿನಲ್ಲಿ ಉರ್ದು ಬೋರ್ಡು ಕಂಡಲ್ಲೆಲ್ಲ ನಿಂತು ಜೋರಾಗಿ ಓದದಿದ್ದರೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ. ಆಗೆಲ್ಲ ಹೆಂಡತಿ ಪಾರವ್ವ ಸೆರಗು ಬಾಯಿಗೆ ಅಡ್ಡ ಹಿಡಿದು, ಈತ ಯಾರೋ ತಾನು ಯಾರೋ ಎಂಬಂತೆ ನಾಲ್ಕು ಹೆಜ್ಜೆ ಮುಂದೆ ಹೋಗಿಬಿಡುತ್ತಿದ್ದಳು.

ಅವನ ಗೆಳೆಯ ತಾಜುದ್ದೀನನದು ಇದಕ್ಕೆ ತದ್ವಿರುದ್ಧ. ಆರ್.ಟಿ. ನಗರದಲ್ಲಿ ನಾಗಲಿಂಗಪ್ಪನ ಬಾಡಿಗೆ ಮನೆಯಿಂದ ಎರಡು ರಸ್ತೆ ಆಚೆ, ಒಂದು ಹೊಂಗೆ ಮರದ ಕೆಳಗೆ ತಿದಿ ಒತ್ತಿಕೊಂಡು, ತಾಮ್ರ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವನು. ಮನೆಯಲ್ಲಿ ಆಡುವುದು ದಖನಿ ಉರ್ದು, ಓದಿದ್ದು ಮಾತ್ರ ಹೆಬ್ಬಾಳದ ಕನ್ನಡ ಶಾಲೆಯಲ್ಲಿ ಮೂರನೇ ಕ್ಲಾಸು. ನೆಂಟರ ಮದುವೆಯ ಕರೆಯೋಲೆ ಉರ್ದುವಿನಲ್ಲಿ ಬಂದರೆ ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ನೇರ ನಾಗಲಿಂಗಪ್ಪನ ಮನೆಗೆ ಬರುತ್ತಿದ್ದ. "ಯಾರ್ ಮದ್ವೆ, ಎಲ್ಲಿ, ಊಟ ಎಷ್ಟೊತ್ತಿಗೆ, ಅಷ್ಟ್ ಓದ್ಬಿಡಿ ಸಾರ್" ಎನ್ನುತ್ತಿದ್ದ. ನಾಗಲಿಂಗಪ್ಪ ಕನ್ನಡಕ ಒರೆಸಿಕೊಂಡು, ಅತ್ತರಿನ ವಾಸನೆಯ ಆ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ರಾಗವಾಗಿ ಓದಿಯೇ ಬಿಡುತ್ತಿದ್ದ.

ಇಬ್ಬರನ್ನೂ ಗಂಟು ಹಾಕಿದ್ದು ಹಳೇ ನಾಣ್ಯ. ಗುಜರಿ ತಾಮ್ರದ ಜೊತೆ ತಾಜುದ್ದೀನನಿಗೆ ಒಮ್ಮೊಮ್ಮೆ ಹಳೇ ಕಾಸು ಸಿಗುತ್ತಿದ್ದವು. ತಿಂಗಳ ಎರಡನೇ ಭಾನುವಾರ ಯಶವಂತಪುರದ ಶಾಲೆಯೊಂದರ ಕೊಠಡಿಯಲ್ಲಿ 'ನಾಣ್ಯಪ್ರಿಯರ ಬಳಗ' ಸೇರಿದಾಗ ಆತ ಮೆಟ್ಟಿಲ ಮೇಲೆ ಟವೆಲ್ ಹಾಸಿ ಅವನ್ನು ಮಾರುತ್ತಿದ್ದ. ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತನಾಗಿದ್ದ ನಾಗಲಿಂಗಪ್ಪ ಆ ಬಳಗದ ಕಾರ್ಯದರ್ಶಿ. ಕೊಳ್ಳುವುದರಲ್ಲಿ ಬಲು ಬಿಗಿ. ಥಳಥಳ ಹೊಳೆಯುವ ಹಳೇ ನಾಣ್ಯವನ್ನು ಮುಟ್ಟುತ್ತಲೇ ಇರಲಿಲ್ಲ. ಲೋಹ ಕರಗಿಸಿ ಎರೆದ ಖೋಟಾ ಆಗಿದ್ದರೆ ಅಂಚಿನ ಸುತ್ತ ಕೂದಲೆಳೆಯಂಥ ಗೆರೆ ಕಾಣುತ್ತದೆಂದು ಮೊದಲು ಅಂಚು ನೋಡುತ್ತಿದ್ದ, ಆಮೇಲೆ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸುತ್ತಿದ್ದ. "ಇವತ್ತೇ ತಗೊಳ್ಳಿ, ನಾಳೆ ಸಿಗಲ್ಲ" ಎಂದು ಅವಸರ ಮಾಡುವವನ ಮುಂದೆ ಒಂದು ನಿಮಿಷವೂ ನಿಲ್ಲುತ್ತಿರಲಿಲ್ಲ. ತಾಜುದ್ದೀನ್ ಯಾವತ್ತೂ ಹಾಗೆ ಅಂದವನಲ್ಲ.

೧೯೮೨ರ ಸಂಕ್ರಾಂತಿ ಕಳೆದ ವಾರ ತಾಜುದ್ದೀನ್ ಗೋಣಿಯ ತುಂಡಿನಲ್ಲಿ ಏನನ್ನೋ ಸುತ್ತಿಕೊಂಡು ಬಂದ. ಹೆಬ್ಬಾಳದ ದೊಡ್ಡಮುನಿಯಪ್ಪ ಎಂಬುವರು ಅಟ್ಟದ ಮೇಲೆ ಬಿದ್ದಿದ್ದ ತಾತನ ಕಾಲದ ತಾಮ್ರದ ಹಂಡೆಯನ್ನು ಕಲಾಯಿಗೆ ತಂದಿದ್ದರಂತೆ. ಅದರ ತಳದಲ್ಲಿ ಕೂತಿತ್ತು ಇದು. ಹಸಿರು ಕಿಲುಬು ಹಿಡಿದು ಒಂದಕ್ಕೊಂದು ಕಚ್ಚಿಕೊಂಡ ದಪ್ಪ ಕಾಸುಗಳ ಮುದ್ದೆ, ಒಂದು ಬೆಲ್ಲದಚ್ಚಿನಷ್ಟು.

"'ಅಂಗೇ ಮಡೀಕೊಳಪ್ಪ, ನಮ್ಗ್ಯಾಕೆ ಈ ಅಳೇ ಕಾಸು' ಅಂದ್ಬಿಟ್ರು ಸಾರ್. ನಾನು ಸುಮ್ನೆ ತಗೊಳ್ಳಿಲ್ಲ, ತಾಮ್ರದ ರೇಟ್ ಕೊಟ್ಟಿದೀನಿ" ಎಂದ ತಾಜುದ್ದೀನ್. "ಈಗ ನೋಡಿ, ಎರಡು ತೊಟ್ಟು ಆಸಿಡ್, ಮೇಲೊಂದಿಷ್ಟು ಹುಣಸೆಹಣ್ಣು. ಐದೇ ನಿಮಿಷ, ಮದುವಣಗಿತ್ತಿ ಥರ ಮಿಂಚ್ತವೆ."

ನಾಗಲಿಂಗಪ್ಪ ಕುರ್ಚಿಯಿಂದ ಹಾರಿಬಿದ್ದ. "ಏ ತಾಜು, ನಿನಗ ಕೈ ಮುಗೀತೀನಿ, ಆ ಆಸಿಡ್ ಬಾಟ್ಲಿ ಹೆಸರ ಎತ್ತಬ್ಯಾಡ! ಇದೇನ್ ಪಾತ್ರಿ ಅಲ್ಲೋ ಮಾರಾಯಾ. ಕಿಲುಬಿನ ಜೋಡಿ ಅಕ್ಷರಾನೂ ಕರಗಿ ಹೋಗ್ತಾವು. ಆಮ್ಯಾಲ ಉಳಿಯೂದು ಬರೇ ತಾಮ್ರದ ಬಿಲ್ಲಿ."

ತಾಜುದ್ದೀನನ ಪಾಲಿಗೆ ಇದು ಅವನ ಕಸುಬಿಗೇ ಮಾಡಿದ ಅವಮಾನ. ಆದರೂ ಮುದ್ದೆಯನ್ನು ಕೊಟ್ಟು, ಬೆಲೆ ಒಪ್ಪಿ ದುಡ್ಡು ತೆಗೆದುಕೊಂಡು ಹೋದ. ನಾಗಲಿಂಗಪ್ಪ ಆಟೋ ಗ್ಯಾರೇಜಿನಿಂದ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದು, ಪಾರವ್ವನ ಉಪ್ಪಿನಕಾಯಿ ಜಾಡಿಯೊಂದನ್ನು ಅವಳು ಇಲ್ಲದ ಹೊತ್ತು ನೋಡಿ ಎಗರಿಸಿ, ಮುದ್ದೆಯನ್ನು ಅದರಲ್ಲಿ ನೆನೆಹಾಕಿದ. ಎರಡು ನಾಣ್ಯಗಳು ಕೂಡಲೇ ಬಿಟ್ಟುಕೊಂಡವು. ಅವನ್ನು ಬಟ್ಟೆಯಲ್ಲಿ ಒತ್ತಿ ಒಣಗಿಸಿದ, ತಿಕ್ಕಲಿಲ್ಲ. ಒಂದೊಂದರ ಮೇಲೂ ಸೊಂಡಿಲು ಎತ್ತಿದ ಆನೆ. ಟಿಪ್ಪು ಕಾಲದ ಪೈಸೆ! ಅಂಚಿನಲ್ಲಿ ಗೆರೆಯಿಲ್ಲ, ತೂಕ ಒಂದು ತೊಲಕ್ಕೆ ಒಂಚೂರು ಕಡಿಮೆ, ಎಲ್ಲಾ ಬರೋಬ್ಬರಿ. ಆನೆಯ ಬೆನ್ನ ಮೇಲಿದ್ದ ಇಸವಿ ಮಾತ್ರ ಮಬ್ಬಾಗಿತ್ತು. ಅದನ್ನು ಬಳಗದ ಎಲ್ಲರ ಎದುರಿಗೇ ಓದಬೇಕೆಂದು ಅವನ ಜಂಬ ಹಟ ಹಿಡಿಯಿತು.

ಫೆಬ್ರವರಿಯ ಎರಡನೇ ಭಾನುವಾರ ಅಧ್ಯಕ್ಷ ರಾಮಕೃಷ್ಣಪ್ಪನವರು ತಮ್ಮ ದೊಡ್ಡ ಭೂತಗನ್ನಡಿ ಕೊಟ್ಟರು. ಹೈಸ್ಕೂಲಿನ ಹೆಡ್ಮಾಸ್ಟರಾಗಿ ರಿಟೈರಾದ ಅವರು ಈಗಲೂ ಎಲ್ಲರನ್ನೂ ಬೆಂಚಿನ ಮೇಲೆ ನಿಲ್ಲಿಸುವಂತೆ ನೋಡುತ್ತಿದ್ದರು. ನಾಗಲಿಂಗಪ್ಪ ಕಿಟಕಿಯ ಬೆಳಕಿಗೆ ನಾಣ್ಯ ಹಿಡಿದು, ಗಂಟಲು ಸರಿ ಮಾಡಿಕೊಂಡು, ಮೊದಲು ಉರ್ದುವಿನಲ್ಲಿ ಓದಿದ. "ಛೇ ಹಜಾರ್ ಏಕ್ ಸೌ ಇಕ್ಕೀಸ್." ಆಮೇಲೆ ಕನ್ನಡದಲ್ಲಿ, "ಆರು ಸಾವಿರದ ನೂರಾ ಇಪ್ಪತ್ತೊಂದು" ಎಂದವನು ತಾನೇ ಬೆಚ್ಚಿಬಿದ್ದ. ಇನ್ನೊಂದನ್ನು ನೋಡಿದ. ಅದರ ಮೇಲೆ ೮೧೨೧.

ಕೊಠಡಿ ಗೊಳ್ಳೆಂದಿತು. "ಇನ್ನೂ ನಾಲ್ಕು ಸಾವಿರ ವರ್ಷ ಆದ್ಮೇಲೆ ಹುಟ್ಟೋ ಆನೆ ಇದು" ಎಂದರು ರಾಮಕೃಷ್ಣಪ್ಪ. ಹಾಗೆಂದವರು ಒಂದು ಒಳ್ಳೆಯ ಪ್ರಶ್ನೆಯನ್ನೂ ಕೇಳಿದರು. "ಉರ್ದು ಬಲಗಡೆಯಿಂದ ಓದೋದಲ್ವೇನ್ರೀ? ಸರಿಯಾಗಿ ನೋಡಿ."

ನಾಗಲಿಂಗಪ್ಪನಿಗೆ ಸಿಟ್ಟೇ ಬಂತು. "ಅಕ್ಷರ ಬಲಗಡೆಯಿಂದ ಸಾರ್. ಅಂಕಿ ನಮ್ಮ ಹಾಗೇ ಎಡಗಡೆಯಿಂದ. ಉರ್ದು ಓದಿದವರಿಗಷ್ಟೇ ಗೊತ್ತಿರೋ ವಿಷಯ ಇದು" ಎಂದ. ಅಲ್ಲಿಗೆ ಚರ್ಚೆ ಮುಗಿಯಿತು. ಉರ್ದು ಓದಿದವನು ಅಲ್ಲಿ ಅವನೊಬ್ಬನೇ. ಇಸವಿ ಬರೆಯಲೂ ಬಾರದ ಯಾವನೋ ಮಾಡಿದ ಖೋಟಾ ಎಂದು ತೀರ್ಮಾನವಾಯಿತು. 'ತಾಜುದ್ದೀನ್‌ನಿಂದ ಸದಸ್ಯರು ಯಾರೂ ನಾಣ್ಯ ಕೊಳ್ಳತಕ್ಕದ್ದಲ್ಲ, ಖೋಟಾ ಮಾಲು' ಎಂದು ನೋಟೀಸು ಬರೆದು ಹೊರಗಿನ ಗೋಡೆಗೆ ಅಂಟಿಸಬೇಕಾಯಿತು. ಬರೆಯಬೇಕಾದವನು ಕಾರ್ಯದರ್ಶಿ. ನಾಗಲಿಂಗಪ್ಪನ ಕೈಬರಹ ದುಂಡಗೆ, ಬಲು ಚೆಂದ.

ಗೋಡೆಯ ಮೇಲಿನ ಮಾತು ಗೋಡೆಯ ಮೇಲೆ ಇರುತ್ತದೆಯೇ? ಬಳಗದ ಇಬ್ಬರು ಆರ್.ಟಿ. ನಗರದವರಿದ್ದರು. ಅವರ ಮನೆಯ ಹೆಂಗಸರಿಂದ ನಲ್ಲಿಯ ಹತ್ತಿರ, ನಲ್ಲಿಯಿಂದ ಹಿಟ್ಟಿನ ಗಿರಣಿಗೆ, ಹದಿನೈದು ದಿನದಲ್ಲಿ ಊರಿಗೆಲ್ಲ ಹಬ್ಬಿತು. ಕಾಸನ್ನೇ ಖೋಟಾ ಮಾಡುವವನು ತವರದ ಬದಲು ಸೀಸ ಹಾಕುವುದಿಲ್ಲ ಅಂತ ಏನು ಗ್ಯಾರಂಟಿ, ಆ ಪಾತ್ರೆಯಲ್ಲಿ ಹುಳಿಸಾರು ಮಾಡಿದರೆ ಮಕ್ಕಳ ಗತಿ ಏನು ಎಂದು ಒಬ್ಬರ ನಂತರ ಒಬ್ಬರು ಪಾತ್ರೆ ವಾಪಸು ಒಯ್ದರು. ಯುಗಾದಿಯ ಮುಂದೆ ಹೊಂಗೆ ಮರದ ಕೆಳಗೆ ಪಾತ್ರೆಯ ಗುಡ್ಡವೇ ಇರಬೇಕಾಗಿತ್ತು. ಆ ವರ್ಷ ಅಲ್ಲಿ ಆರಿದ ಇದ್ದಿಲು, ಪಕ್ಕದಲ್ಲಿ ಮಂಡಿಗೆ ಕೈಕಟ್ಟಿ ಕೂತ ತಾಜುದ್ದೀನ್, ಅಷ್ಟೇ.

ಒಂದು ಸಂಜೆ ಅವನು ಬಂದ. ಒಳಗೆ ಬರಲಿಲ್ಲ. ಬಾಗಿಲ ಹೊರಗೇ ನಿಂತು ಹೇಳಿದ. "ನಮ್ಮಪ್ಪನ ಕಾಲದಿಂದ ತವರಕ್ಕೆ ಸಾಸಿವೆಯಷ್ಟು ಸೀಸ ಬೆರೆಸಿಲ್ಲ ಸಾರ್. ನಿಮ್ ದುಡ್ಡು ಬೇಕಾದ್ರೆ ವಾಪಸ್ ಕೊಡ್ತೀನಿ. ಆ ಕಾಗದ ನೋಡ್ದೆ. ಕನ್ನಡದಲ್ಲಿತ್ತು, ಯಾರೂ ಓದಿ ಹೇಳ್ಬೇಕಾಗ್ಲಿಲ್ಲ."

ನಾಗಲಿಂಗಪ್ಪ ಬಾಯಿ ತೆರೆಯುವಷ್ಟರಲ್ಲಿ ಆತ ಗೇಟು ದಾಟಿದ್ದ. ಪಾರವ್ವ ಒಳಗಿನಿಂದ ಎಲ್ಲಾ ಕೇಳಿಸಿಕೊಂಡವಳು ಸುಮ್ಮನಿರುವ ಹೆಂಗಸಲ್ಲ. "ಅಂಚು ನೋಡಿದ್ರಿ, ಬರೋಬ್ಬರಿ ಐತಿ ಅಂದ್ರಿ. ತೂಕಾ ನೋಡಿದ್ರಿ, ಬರೋಬ್ಬರಿ ಐತಿ ಅಂದ್ರಿ. ಆ ಮನಷ್ಯಾನ್ನ ಎಂಟು ವರ್ಷ ನೋಡೀರಿ, ಅವನೂ ಬರೋಬ್ಬರಿ ಇದ್ದ. ನಿಮ್ಮ ಉರ್ದು ಒಂದ ಮಾತ ಹೇಳಿದ್ದಕ್ಕ ಎಲ್ಲಾ ಸುಳ್ಳಾತೇನು?" ಎಂದಳು. ಅವನಿಗೆ ನಾಚಿಕೆಯಾಯಿತು, ಆದರೆ ೬೧೨೧ ಎಂಬುದು ಕಣ್ಣಾರೆ ಕಂಡದ್ದಲ್ಲವೇ ಎಂಬ ಮೊಂಡುತನ ನಾಚಿಕೆಗಿಂತ ದೊಡ್ಡದಾಗಿತ್ತು.

ಜಾಡಿಯಲ್ಲಿದ್ದ ಮುದ್ದೆಯನ್ನು ಎಸೆಯಬಹುದಾಗಿತ್ತು. ಎಸೆಯಲಿಲ್ಲ. ಕೈಗೆ ಅಭ್ಯಾಸವಾಗಿತ್ತು ಅಂತಲೋ, ಮನಸ್ಸು ಚುಚ್ಚುತ್ತಿತ್ತು ಅಂತಲೋ, ವಾರಕ್ಕೊಮ್ಮೆ ನೀರು ಬದಲಾಯಿಸುತ್ತಲೇ ಇದ್ದ. ನೀರು ಹಸಿರಾಗುವುದು ನಿಂತ ಮೇಲೆ ಮೆಡಿಕಲ್ ಸ್ಟೋರಿನಿಂದ ಆಲಿವ್ ಎಣ್ಣೆಯ ಸೀಸೆಗಳನ್ನು ತಂದು ಅದರಲ್ಲಿ ಮುಳುಗಿಸಿಟ್ಟ. ತಿಂಗಳುಗಟ್ಟಲೆ ಹಾಗೇ ಬಿಟ್ಟ. ಉರಿದು ಮುಗಿದ ಊದಿನಕಡ್ಡಿಯ ಬಿದಿರನ್ನು ಚೂಪು ಮಾಡಿ, ಮೆತ್ತಗಾದ ಕಿಲುಬನ್ನು ಕೂದಲಷ್ಟು ಕೂದಲಷ್ಟೇ ಎಬ್ಬಿಸುತ್ತಿದ್ದ. ಪಿನ್ನು, ಬ್ಲೇಡು ಹತ್ತಿರ ಸುಳಿಯಲು ಬಿಡುತ್ತಿರಲಿಲ್ಲ. ನಾಣ್ಯಗಳು ಒಂದೊಂದಾಗಿ ಬಿಟ್ಟುಕೊಂಡವು. ೭೧೨೧ ಬಂತು. ೫೧೨೧ ಬಂತು. ೯೧೨೧ ಬಂತು. ಪ್ರತಿಯೊಂದನ್ನೂ ಓದಿ, ಖೋಟಾ ಮಾಡಿದವನ ದಡ್ಡತನಕ್ಕೆ ಮಿತಿಯೇ ಇಲ್ಲವೇ ಎಂದು ಬೈದುಕೊಂಡು ಡಬ್ಬಿಗೆ ಹಾಕುತ್ತಿದ್ದ.

ಆಷಾಢದ ಒಂದು ಭಾನುವಾರ ಮಧ್ಯಾಹ್ನ ಕೊನೆಯ ನಾಣ್ಯವೂ ಕಿಲುಬಿನಿಂದ ಬಿಟ್ಟುಕೊಂಡಿತು. ಹಿತ್ತಲ ಮೆಟ್ಟಿಲ ಮೇಲೆ ಕೂತು ಅದರ ಆನೆಯ ಬೆನ್ನ ಮೇಲಿನ ಕಿಲುಬು ಬಿಡಿಸಿದ. ಮೂರು ಅಂಕಿ ಕಂಡವು, ೨೨೧. ಎಡಗಡೆ ಖಾಲಿ ಜಾಗ, ಒಂದು ಚೂರು ಕಿಲುಬು. ಅರ್ಧ ಗಂಟೆ ಕಡ್ಡಿಯಾಡಿಸಿದ ಮೇಲೆ ಅಲ್ಲಿ ಒಂದು ಚುಕ್ಕೆ ಎದ್ದು ಬಂತು, ಗಸಗಸೆ ಕಾಳಿನಷ್ಟು. ಉರ್ದುವಿನಲ್ಲಿ ಸೊನ್ನೆ ಎಂದರೆ ಬರೀ ಒಂದು ಚುಕ್ಕೆ.

"ಸೊನ್ನಿ, ಎರಡು, ಎರಡು, ಒಂದು" ಎಂದು ಅಭ್ಯಾಸಬಲದಿಂದ ಜೋರಾಗಿಯೇ ಓದಿದ.

ಪಾರವ್ವ ಪಕ್ಕದಲ್ಲಿ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ತಲೆಯೆತ್ತದೆ ಅಂದಳು, "ಸೊನ್ನಿ ಮುಂದಿಟ್ಟು ಯಾರರ ಲೆಕ್ಕಾ ಬರೀತಾರೇನ್ರೀ? ಖೋಟಾ ಮಾಡಾಂವಗೂ ಅಷ್ಟು ಬುದ್ಧಿ ಇರ್ತೈತಿ. ಸೊನ್ನಿ ಕೂಡೂದು ಬಾಲಕ್ಕ."

ನಾಗಲಿಂಗಪ್ಪನ ಕೈಯಲ್ಲಿದ್ದ ಕಡ್ಡಿ ನಿಂತಿತು. ಸೊನ್ನೆ ಕೂರುವುದು ಬಾಲಕ್ಕೆ. ಹಾಗಾದರೆ ಬಾಲ ಎಡಗಡೆಗಿದೆ, ತಲೆ ಬಲಗಡೆಗಿದೆ. ಒಂದು, ಎರಡು, ಎರಡು, ಸೊನ್ನೆ. ಡಬ್ಬಿ ತಂದು ಮೆಟ್ಟಿಲ ಮೇಲೆ ಸುರಿದ. ಬಲದಿಂದ ಎಡಕ್ಕೆ ಓದಿದ. ೧೨೧೫, ೧೨೧೬, ೧೨೧೭, ೧೨೧೮, ೧೨೧೯, ೧೨೨೦. ಶಾಲೆಯ ಹುಡುಗರು ಸಾಲಾಗಿ ನಿಂತು ನಂಬರು ಹೇಳಿದ ಹಾಗೆ, ಒಂದೂ ತಪ್ಪದೆ ಆರು ವರ್ಷ! ಆ ಟಂಕಸಾಲೆಯವರು ಅಕ್ಷರದ ಹಾಗೇ ಅಂಕಿಯನ್ನೂ ಬಲದಿಂದಲೇ ಬರೆದಿದ್ದರು. ಅಂಕಿಯಷ್ಟೇ ಗೊತ್ತಿದ್ದು ಉರ್ದು ಗೊತ್ತಿಲ್ಲದವನು ಯಾರಾದರೂ ಆಗಿದ್ದರೆ ಸುಮ್ಮನೆ ತಿರುಗಿಸಿ ಓದಿ ಸರಿ ಹೇಳುತ್ತಿದ್ದ. ತಪ್ಪು ಓದಲು ಉರ್ದು ಚೆನ್ನಾಗಿ ಕಲಿತವನೇ ಬೇಕಾಗಿತ್ತು.

ಅವನು ಎದೆ ಹಿಡಿದುಕೊಂಡು ನಕ್ಕ, ಆಮೇಲೆ ಅತ್ತ. ಪಾರವ್ವ ಮೊರ ಕೆಳಗಿಟ್ಟು ಗಾಬರಿಯಿಂದ ನೋಡಿದಳು. "ಪಾರೂ, ನಾ ಬಾಲಿಲ್ಲದ ಕತ್ತಿ ಅದೀನಿ" ಎಂದ. "ಅದು ಗೊತ್ತೈತಿ, ಏನಾತು ಹೇಳ್ರಿ" ಎಂದಳು ಆಕೆ.

ಚಪ್ಪಲಿಯನ್ನೂ ಮೆಟ್ಟದೆ ಹೊಂಗೆ ಮರದತ್ತ ಓಡಿದ. ತಾಜುದ್ದೀನ್ ಎಲ್ಲವನ್ನೂ ಕೇಳಿಸಿಕೊಂಡ, ನಾಣ್ಯಗಳ ಕಡೆ ನೋಡಲೂ ಇಲ್ಲ. "ತಪ್ಪಾಯ್ತು ಅಂತ ನನ್ ಕಿವೀಲಿ ಹೇಳ್ತಿದೀರಲ್ಲ ಸಾರ್" ಎಂದ. "ನನ್ನ ಕಳ್ಳ ಅಂದಿದ್ದು ಗೋಡೆ ಮೇಲೆ."

"ಗೋಡಿ ಮ್ಯಾಲೇ ಹೇಳ್ತೀನಿ" ಎಂದ ನಾಗಲಿಂಗಪ್ಪ. "ನೀವು ಬರಬೇಕು. ನೀವಿಲ್ದ ನಾ ಹೇಳಂಗಿಲ್ಲ." ಎಂಟು ವರ್ಷದಲ್ಲಿ ಮೊದಲ ಸಲ ಅವನ ಬಾಯಲ್ಲಿ ಗೆಳೆಯನಿಗೆ 'ನೀವು' ಎಂದು ಬಂದದ್ದನ್ನು ಇಬ್ಬರೂ ಗಮನಿಸಿದರು.

ಆಗಸ್ಟಿನ ಸಭೆಗೆ ಮೂವರೂ ಯಶವಂತಪುರದ ಬಸ್ಸು ಹತ್ತಿದರು. ಪಾರವ್ವ ಧಾರವಾಡ ಸೀರೆ ಉಟ್ಟು, ತಾನೇ ಅಧ್ಯಕ್ಷಳೆಂಬಂತೆ ಮುಂದಿನ ಬೆಂಚಿನಲ್ಲಿ ಕೂತಳು. ತಾಜುದ್ದೀನ್ ಬಾಗಿಲಲ್ಲೇ ನಿಂತ. ನಾಗಲಿಂಗಪ್ಪ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಆರು ಆನೆಗಳನ್ನು ಸಾಲಾಗಿ ನಿಲ್ಲಿಸಿದ. ಉರ್ದು ಅಂಕಿಗಳ ಪಟ್ಟಿ ಬರೆದು ಪಕ್ಕದಲ್ಲಿಟ್ಟ. "ನಾ ಓದೂದಿಲ್ಲ. ನನ್ನ ಓದು ಸಾಕಾಗೇತಿ. ನೀವೇ ಓದ್ರಿ, ಬಲಗಡೆಯಿಂದ" ಎಂದು ರಾಮಕೃಷ್ಣಪ್ಪನವರ ಕೈಗೆ ಭೂತಗನ್ನಡಿ ಕೊಟ್ಟ.

ರಾಮಕೃಷ್ಣಪ್ಪ ಓದುತ್ತಾ ಹೋದಂತೆ ಕೊಠಡಿ ಹತ್ತಿರ ಸರಿಯಿತು. ೧೨೧೯ ಆಯಿತು. ೧೨೨೦ ಎಂದಾಗ, ಆ ಚುಕ್ಕೆಯನ್ನು ಕಂಡು ಯಾರೋ "ಶಭಾಷ್" ಎಂದರು. ರಾಮಕೃಷ್ಣಪ್ಪನವರು ಮಾತ್ರ ಭೂತಗನ್ನಡಿ ಕೆಳಗಿಟ್ಟು ತಲೆಯಾಡಿಸಿದರು. "ಸಾಲು ಚೆನ್ನಾಗಿದೆ. ಆದ್ರೆ ಹಿಜರಿ ೧೨೨೦ ಅಂದ್ರೆ ಇಂಗ್ಲಿಷ್ ೧೮೦೫. ಟಿಪ್ಪು ತೀರಿಕೊಂಡಿದ್ದು ೧೭೯೯. ಸತ್ತು ಆರು ವರ್ಷ ಆದ್ಮೇಲೆ ಟಂಕಸಾಲೆ ನಡೆಸ್ತಿದ್ನೇನ್ರೀ?"

ಈ ಲೆಕ್ಕವನ್ನು ನಾಗಲಿಂಗಪ್ಪ ಹಾಕಿಯೇ ಇರಲಿಲ್ಲ. ಬಾಗಿಲಲ್ಲಿದ್ದ ತಾಜುದ್ದೀನ್ ಒಂದು ಹೆಜ್ಜೆ ಹಿಂದೆ ಸರಿದದ್ದು ಕಂಡಿತು.

ಆದರೆ ಮೇಷ್ಟ್ರು ಮೇಷ್ಟ್ರೇ. ತಮ್ಮ ಮಾತಿಗೆ ಆಧಾರ ತೋರಿಸಲು ಚೀಲದಿಂದ ಹಳೇ ಟಿಪ್ಪಣಿ ಪುಸ್ತಕ ತೆಗೆದು ಹಾಳೆ ತಿರುಗಿಸಿದರು. ತಿರುಗಿಸುತ್ತಾ ಒಂದು ಕಡೆ ನಿಂತರು. "ಎಲ್ಲಿಂದಲೋ ಇಳಿಸಿಕೊಂಡಿದ್ದೆ, ಆಗ ಅರ್ಥ ಆಗಿರ್ಲಿಲ್ಲ. 'ಟಿಪ್ಪು ಆಳ್ವಿಕೆಯ ಐದನೇ ವರ್ಷದಿಂದ ಹಿಜರಿ ಬಿಟ್ಟು ಮೌಲೂದಿ.' ಮೌಲೂದಿ ಅಂದ್ರೇನ್ರೀ, ನಾಗಲಿಂಗಪ್ಪ? ನಿಮ್ ಉರ್ದುವಿನಲ್ಲಿ?"

ಆರು ತಿಂಗಳ ಹಿಂದಿನ ನಾಗಲಿಂಗಪ್ಪನಾಗಿದ್ದರೆ ಏನಾದರೊಂದು ಹೇಳಿಬಿಡುತ್ತಿದ್ದ. "ನನಗ ಗೊತ್ತಿಲ್ಲ ಸಾರ್" ಎಂದ.

"ಮೌಲೂದಾ?" ಬಾಗಿಲಿನಿಂದ ಮಾತು ಬಂತು. "ನಮ್ ಮನೇಲಿ ವರ್ಷಾ ವರ್ಷಾ ಮೌಲೂದ್ ಓದಿಸ್ತೀವಲ್ಲ ಸಾರ್. ಹಂಗಂದ್ರೆ ಹುಟ್ಟು. ಪೈಗಂಬರರು ಹುಟ್ಟಿದ್ದು."

ಕೊಠಡಿ ಪೂರ್ತಿ ಅವನ ಕಡೆ ತಿರುಗಿತು. ರಾಮಕೃಷ್ಣಪ್ಪನವರು ದಡಬಡನೆ ಎದ್ದು ಕರಿಹಲಗೆಯ ಹತ್ತಿರ ಹೋಗಿ ಸುಣ್ಣದ ಕಡ್ಡಿ ಹಿಡಿದರು. "ಹಿಜರಿ ಎಣಿಸೋದು ಪೈಗಂಬರರು ಮೆಕ್ಕಾ ಬಿಟ್ಟ ವರ್ಷದಿಂದ. ಹುಟ್ಟಿದ್ದು ಅದಕ್ಕೆ ಮೊದ್ಲು, ೫೭೧ರ ಸುಮಾರು." ಬರೆದರು. ಅದರ ಕೆಳಗೆ ೧೨೨೦. ಗೆರೆ ಎಳೆದು ಕೂಡಿದರು. ೧೭೯೧. "ಒಂದೆರಡು ವರ್ಷ ಆಚೆ ಈಚೆ. ಟಿಪ್ಪು ಬದುಕಿದ್ದ ಕಣ್ರೀ, ಪಟ್ಟದ ಮೇಲಿದ್ದ! ಅಸಲಿ! ಆರಕ್ಕೆ ಆರೂ ಅಸಲಿ!"

ಬೆಂಚುಗಳು ಸದ್ದು ಮಾಡಿದವು. ಚಪ್ಪಾಳೆ ಯಾರು ಶುರುಮಾಡಿದರೋ, ಪಾರವ್ವನ ಬಳೆಯ ಸದ್ದು ಎಲ್ಲಕ್ಕಿಂತ ಜೋರಾಗಿ ಕೇಳಿತು. ರಾಮಕೃಷ್ಣಪ್ಪನವರು ನೇರ ಬಾಗಿಲಿಗೆ ಹೋಗಿ ತಾಜುದ್ದೀನನ ಎರಡೂ ಕೈ ಹಿಡಿದುಕೊಂಡರು. "ಒಳಗೆ ಬನ್ನಿ. ನೀವು ಮೆಟ್ಟಿಲ ಮೇಲೆ ಕೂರೋರಲ್ಲ" ಎಂದರು.

"ಮೊದ್ಲು ಆ ಕಾಗದ ಸಾರ್" ಎಂದ ತಾಜುದ್ದೀನ್, ಕೈ ಬಿಡಿಸಿಕೊಳ್ಳದೆ.

ನಾಗಲಿಂಗಪ್ಪ ಆಗಲೇ ಹೊರಗೆ ಓಡಿದ್ದ. ಆರು ತಿಂಗಳ ಬಿಸಿಲಿಗೆ ಹಳದಿಯಾದ ನೋಟೀಸನ್ನು ಉಗುರಿನಿಂದ ಕೆರೆದು ಕಿತ್ತ. ಎಲ್ಲರೂ ಹೊರಗೆ ಬಂದರು. ಹೊಸ ಹಾಳೆಯನ್ನು ಗೋಡೆಗೇ ಒತ್ತಿ ಹಿಡಿದು, ದಪ್ಪ ಅಕ್ಷರದಲ್ಲಿ, ತಾಜುದ್ದೀನನಿಗೆ ಕಾಣುವ ಹಾಗೆ ಪಕ್ಕಕ್ಕೆ ಸರಿದು ಸರಿದು ಬರೆದ. ಬರೆಯುತ್ತಾ ಹೋದಂತೆ ಅಕ್ಷರಗಳು ಮಸುಕಾಗಿ ಕಂಡವು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮುಂದುವರಿಸಿದ. ಮುಗಿಸಿ, ಗೋಂದು ಹಚ್ಚಿ ಅಂಟಿಸಿ, ಅಂಗೈಯಿಂದ ನಾಲ್ಕೂ ಮೂಲೆ ಒತ್ತಿ, ಪಕ್ಕಕ್ಕೆ ನಿಂತ.

ಯಾರೂ ಓದಲಿಲ್ಲ. ತಾಜುದ್ದೀನನಿಗೆ ಬಿಟ್ಟುಕೊಟ್ಟರು. ಮೂರನೇ ಕ್ಲಾಸಿನ ಕನ್ನಡ, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು, ರಸ್ತೆಯಲ್ಲಿ ಹೋಗುವವರೂ ನಿಂತು ಕೇಳುವಷ್ಟು ಜೋರಾಗಿ ಅವನು ಓದಿದ. "ಶ್ರೀ ತಾಜುದ್ದೀನ್ ಅವರು ತಂದ ಆರು ನಾಣ್ಯಗಳೂ ಅಸಲಿ. ಅವರು ಸತ್ಯವಂತರು. ತಪ್ಪು ಓದಿದವನು ನಾನು." ಅದರ ಕೆಳಗಿನ ಹೆಸರನ್ನು ಓದುವಾಗ ಅವನ ದನಿ ಸ್ವಲ್ಪ ತಗ್ಗಿತು. "ನಾಗಲಿಂಗಪ್ಪ" ಎಂದು ಓದಿ, ತಿರುಗಿ, ಆ ಹೆಸರಿನವನನ್ನು ಬಲವಾಗಿ ತಬ್ಬಿಕೊಂಡ.